ದೊರೆಗೆ ‘ಮೆಚ್ಚಿಸು’ ಕಲಿಸಿದ್ದು

ದೊರೆಗಳಿಗೆ ಕನ್ನಡ ಹೇಳಿಕೊಡುವ ಕೆಲಸಕ್ಕೆ ಒಮ್ಮೆ ಕೈ ಹಾಕಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಬೇಡವೆಂದರೂ ನಡೆಯುತ್ತವೆ, ಅದೂ ನಾಲ್ಕು ಜನ ನೋಡುತ್ತಿರುವಾಗಲೇ ನಡೆಯುತ್ತವೆ.

ನಾನು ಇದುವರೆಗೆ ಊರವರ ಅರ್ಜಿಗಳನ್ನು ಬರೆದುಕೊಟ್ಟವನೇ ಹೊರತು ಇಂಥದನ್ನು ಬರೆದವನಲ್ಲ. ಅರ್ಜಿಯಲ್ಲಿ ಮೊದಲು ಯಾರು, ಎಲ್ಲಿಯವರು, ಏನು ತಕರಾರು ಎಂದು ಬರೆಯುತ್ತೇವೆ. ಇಲ್ಲಿಯೂ ಹಾಗೆಯೇ ಮಾಡುತ್ತೇನೆ, ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಬಳ್ಳಾರಿಯಲ್ಲಿ ಮುನ್ಷಿ. ಮುನ್ಷಿ ಎಂದರೆ ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಹೊಸದಾಗಿ ಬಂದ ದೊರೆಗಳ ಬಂಗಲೆಗೆ ಬೆಳಗ್ಗೆ ಹೋಗಿ ನಮ್ಮ ಭಾಷೆ ಹೇಳಿಕೊಡುವವನು. ದೊರೆ ಎಂದರೆ ಇಲ್ಲಿ ರಾಜನಲ್ಲ, ಕಲೆಕ್ಟರ್ ಕಚೇರಿಯ ಒಬ್ಬ ಕಿರಿಯ ಅಧಿಕಾರಿ. ಎತ್ತರದ ಆಳು, ಕೆಂಪು ಮೀಸೆ, ಬೆಕ್ಕಿನ ಕಣ್ಣು, ಬಹಳ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯ ಎಂದು ಸುಮ್ಮನೆ ಬರೆಯಲಿಲ್ಲ, ಮುಂದಿನ ತೊಂದರೆಯೆಲ್ಲ ಆ ಒಳ್ಳೆಯತನದಿಂದಲೇ ಬಂದದ್ದು.

ಇನ್ನು ತಕರಾರು. ದೊರೆಗಳು ಇಲ್ಲಿಯ ಭಾಷೆಯ ಪರೀಕ್ಷೆಯಲ್ಲಿ ಪಾಸಾಗಬೇಕು. ಓದುವುದು, ಬರೆಯುವುದು ಆದ ಮೇಲೆ ಕೊನೆಗೆ ಊರಿನವನೊಬ್ಬನನ್ನು ಹಿಡಿದು ತಂದು ಎದುರಿಗೆ ಕೂರಿಸುತ್ತಾರೆ. ದೊರೆ ಅವನೊಡನೆ ಮಾತಾಡಬೇಕು. ಆಮೇಲೆ ಮದರಾಸಿನಿಂದ ಬಂದ ಪರೀಕ್ಷಕ ಪಂಡಿತರು, “ದೊರೆಗಳ ಕನ್ನಡ ಹೇಗಿದೆ?” ಎಂದು ಆ ಊರಿನವನನ್ನೇ ಕೇಳುತ್ತಾರೆ. ನಮ್ಮ ದೊರೆ ಎರಡು ಸಲ ಬಿದ್ದದ್ದು ಅಲ್ಲಿಯೇ. ಮೊದಲ ಸಲ ಒಬ್ಬ ಕಂಬಳಿ ವ್ಯಾಪಾರಿ, “ಅವರು ಏನೋ ಅಂದ್ರು ಸ್ವಾಮಿ, ತಿಳೀಲಿಲ್ಲ, ತಪ್ಪು ನಂದ ಇರಬೇಕು” ಅಂದ. ಎರಡನೆಯ ಸಲ ಒಬ್ಬ ಕುಂಬಾರ ಅಷ್ಟು ಹೊತ್ತು ದೊರೆಯ ಕನ್ನಡವನ್ನು ಕೈಕಟ್ಟಿಕೊಂಡು ಕೇಳಿ, “ಇಂಗ್ಲೀಷು ಭಾಳ ಚಲೋ ಮಾತಾಡ್ತಾರ್ರಿ” ಅಂದ.

ಪಂಡಿತರು ದೊರೆಗೆ ಹೇಳಿದರಂತೆ: “ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಎದುರಿಗಿದ್ದವನನ್ನು ಮೆಚ್ಚಿಸಬೇಕು. ಮುಂದಿನ ಸಲ ಮೆಚ್ಚಿಸಿ.”

ಮುಂದಿನ ಸಲವೇ ಕಡೆಯ ಸಲ. ಮತ್ತೆ ಬಿದ್ದರೆ ದೊರೆಯನ್ನು ಬೇರೆ ಜಿಲ್ಲೆಗೆ ಕಳಿಸುತ್ತಾರೆ. ನನ್ನನ್ನು ಯಾರೂ ಎಲ್ಲಿಗೂ ಕಳಿಸಬೇಕಾಗಿಲ್ಲ, ನನ್ನ ಜಾಗ ಆಗಲೇ ತಯಾರಿತ್ತು. ಅದು ನಮ್ಮ ಅಣ್ಣನ ಹತ್ತಿ ಮಂಡಿ. ಅಲ್ಲಿ ಬೆಳಗ್ಗೆ ಕೂತವನು ಸಂಜೆಗೆ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ ತನ್ನ ಅಜ್ಜನಂತೆ ಎದ್ದು ಬರುತ್ತಾನೆ. ಅಣ್ಣ ದಿನಾ ಕೇಳುತ್ತಿದ್ದ: “ಪದಾ ಪದಾ ಅಂತ ಸಾಯ್ತೀಯಲ್ಲಲೇ, ನಿನ್ನ ಪದ ಒಂದರ ಹತ್ತಿ ಮೂಟಿ ಎತ್ತತೈತೇನು? ಆ ದೊರಿ ಬೀಳ್ಲಿ, ಬಾ.” ದೊರೆ ಪಾಸಾದರೆ ನನ್ನ ಮುನ್ಷಿಗಿರಿ ಉಳಿಯುತ್ತದೆ, ಬಿದ್ದರೆ ಮಂಡಿ. ಹಾಗೆಂದು ನಾನು ತಿಳಿದಿದ್ದೆ.

ದೊರೆ ಮರುದಿನವೇ ನಿಘಂಟು ತೆರೆದಿಟ್ಟುಕೊಂಡು ಕೂತಿದ್ದರು. “ಮುನ್ಷಿ, ‘ಮೆಚ್ಚಿಸು’ ಎಂದರೆ ‘ಮೆಚ್ಚುವಂತೆ ಮಾಡು’ ಎಂದು ಇಲ್ಲಿ ಇದೆ. ಮಾಡುವುದು ಹೇಗೆಂದು ಇಲ್ಲವಲ್ಲ?”

ನಾನು ತಿಳಿದಷ್ಟು ಬಿಡಿಸಿ ಹೇಳಿದೆ. ಆಟದವನು ಜನರನ್ನು ರಂಜಿಸುತ್ತಾನೆ. ನೀರು ಬಾಯಾರಿದವನನ್ನು ತಣಿಸುತ್ತದೆ. ಅಳುವ ಮಗುವನ್ನು ರಮಿಸುತ್ತೇವೆ. ಮೆಚ್ಚಿಸುವುದು ಇವೆಲ್ಲಕ್ಕಿಂತ ಕಷ್ಟ. ಅತ್ತೆಯನ್ನು, ಸಾಹುಕಾರನನ್ನು, ದೇವರನ್ನು ಮೆಚ್ಚಿಸಬೇಕಾಗುತ್ತದೆ, ಅಂದರೆ ಮೆಚ್ಚದೆ ಇರುವ ಹಕ್ಕು ಇರುವವರನ್ನು. ಆಡುವವನು ನೂರು ಆಡಬಹುದು, ಮೆಚ್ಚುವುದು ಬಿಡುವುದು ಎದುರಿಗಿದ್ದವರಿಗೆ ಸೇರಿದ್ದು.

“ಹಾಗಾದರೆ ಮೊದಲು ಏನು ಮಾಡಲಿ?”

“ಮೊದಲು ನೀವು ಅವರಲ್ಲಿ ಏನಾದರೂ ಮೆಚ್ಚಿಕೊಂಡು ಬಾಯಿ ಬಿಟ್ಟು ಹೇಳಿ ನೋಡಿ” ಅಂದೆ. ಹೇಳುವಾಗ ಇದು ಬಹಳ ನಿರುಪದ್ರವದ ಮಾತೆನಿಸಿತ್ತು.

ಚಹಾ ಚೆನ್ನಾಗಿದೆ

ದೊರೆ ಮೊದಲು ಶುರುಮಾಡಿದ್ದು ಮನೆಯ ಖಾನಸಾಮನಿಂದ. ಖಾನಸಾಮ ಎಂದರೆ ಬಂಗಲೆಯಲ್ಲಿ ಅಡಿಗೆ, ಚಹಾ, ಉಗ್ರಾಣ ಎಲ್ಲ ನೋಡಿಕೊಳ್ಳುವವನು. ಇವನು ಬಳ್ಳಾರಿಯ ಕೌಲ್ ಬಜಾರಿನವನು, ಎಷ್ಟೋ ದೊರೆಗಳನ್ನು ಉಣಿಸಿ ಸಾಗಹಾಕಿದವನು.

ಬೆಳಗ್ಗೆ ಅವನು ಚಹಾ ತಂದಿಟ್ಟ. ದೊರೆ ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟು, ಅವನ ಮುಖವನ್ನೇ ನೋಡಿ, “ಖಾನಸಾಮನೇ, ನಿನ್ನ ಚಹಾ ಬಹಳ ಚೆನ್ನಾಗಿದೆ. ನೀನು ಪ್ರಾಮಾಣಿಕನು” ಅಂದರು.

ಖಾನಸಾಮನ ಮುಖ ಬಿಳಿಚಿಕೊಂಡಿತು. ಅವನು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದ.

ಮಧ್ಯಾಹ್ನ ದೊರೆ ಅವನ ಕೋಳಿ ಸಾರನ್ನು ಹೊಗಳಿದರು. ಸಂಜೆ ಅವನ ರುಮಾಲನ್ನು ಹೊಗಳಿದರು. ಮರುದಿನ ನಾನು ಹೋಗುವಷ್ಟರಲ್ಲಿ ಅಡಿಗೆಮನೆಯ ಮುಂದೆ ಟ್ರಂಕು, ಹಾಸಿಗೆ ಸುರುಳಿ, ಒಂದು ಪಂಜರದ ಗಿಳಿ ಇದ್ದವು. ಖಾನಸಾಮನ ಹೆಂಡತಿ, ಅವಳ ತಾಯಿ, ಮಕ್ಕಳು ಎಲ್ಲ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದರು.

“ಏನಾತು?” ಅಂದೆ.

“ಏನ್ ಆಗಬೇಕು ಮುನ್ಷಿಸಾಬ್! ನನ್ನ ನೌಕ್ರಿ ಹೋತು. ನನ್ನ ತಪ್ಪು ಕಸೂರು ಏನಂತಾನೂ ಹೇಳವಲ್ರು. ನಿನ್ನೆ ಮುಂಜಾನಿಂದ ಬರೇ ಹೊಗಳಾಕ ಹತ್ಯಾರ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಂಗಲೆಯ ಆಳುಗಳನ್ನು ದೊರೆಗಳು ಹೊಗಳುವುದು ಒಂದೇ ಒಂದು ಸಂದರ್ಭದಲ್ಲಿ. ಕೆಲಸದಿಂದ ಬಿಡಿಸುವಾಗ ಕೈಗೆ ಒಂದು ಚೀಟಿ ಬರೆದುಕೊಡುತ್ತಾರೆ: ‘ಇವನ ಅಡಿಗೆ ಚೆನ್ನಾಗಿದೆ, ಇವನು ಪ್ರಾಮಾಣಿಕನು.’ ಆ ಚೀಟಿ ತೋರಿಸಿ ಬೇರೆ ಬಂಗಲೆಯಲ್ಲಿ ಕೆಲಸ ಹುಡುಕಿಕೊಳ್ಳಬೇಕು. ಇಷ್ಟು ವರ್ಷದಲ್ಲಿ ಖಾನಸಾಮನನ್ನು ಯಾವ ದೊರೆಯೂ ಕೆಲಸದಲ್ಲಿ ಇಟ್ಟುಕೊಂಡಿರುವಾಗ ಹೊಗಳಿರಲಿಲ್ಲ.

ದೊರೆಗೆ ಕನಿಕರ ಬಂತು. ಹೊರಗೆ ಬಂದು ಸಮಾಧಾನ ಹೇಳತೊಡಗಿದರು: “ಅಳಬೇಡ! ನೀನು ಉತ್ತಮನು! ನಿನ್ನಂಥವನು ಯಾವ ಬಂಗಲೆಯಲ್ಲಿಯೂ ಇಲ್ಲ!”

ಅಲ್ಲಿಗೆ ಅವನ ಅತ್ತೆಯೂ ಎದೆ ಬಡಿದುಕೊಳ್ಳಲು ಶುರುಮಾಡಿದಳು.

ನಾನು ದೊರೆಯ ಕಿವಿಯಲ್ಲಿ ಒಂದು ಮಾತು ಹೇಳಿದೆ. ಅವರು ಒಳಗೆ ಹೋಗಿ, ಚಹಾದ ಬಟ್ಟಲು ಹಿಡಿದು ಬಂದು, ಅದನ್ನು ಮೆಟ್ಟಿಲ ಕೆಳಗೆ ಚೆಲ್ಲಿ, “ಇದು ಚಹಾವೋ ಕೆರೆಯ ನೀರೋ?” ಎಂದು ಗರ್ಜಿಸಿದರು.

ಖಾನಸಾಮನ ಮುಖದಲ್ಲಿ ಬೆಳಕು ಬಂತು. ಹೆಂಡತಿಯ ಕಡೆ ತಿರುಗಿ, “ಅಲ್ಲಾನ ದಯಾ! ಗಿಳಿ ಒಳಗ ತೊಗೊಂಡು ಹೋಗು, ನೌಕ್ರಿ ಉಳೀತು” ಅಂದ.

ಸಿರುಗುಪ್ಪದ ಎಮ್ಮೆ

ಆ ಮೇಲೆ ದೊರೆಗೆ ಕಾಲುವೆ ನೋಡುವ ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋಗಬೇಕಾಯಿತು. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ. ಕುಡಿಯಲು ಮಜ್ಜಿಗೆ ಕೊಡಿಸೋಣವೆಂದು ಕರೆದುಕೊಂಡು ಹೋದೆ. ದೊರೆಗಾಗಿ ಜಗುಲಿಯ ಮೇಲೆ ಕುರ್ಚಿ ಹಾಕಿದ್ದರು. ಕುರ್ಚಿ ಸಾಲಿ ಮಾಸ್ತರದು, ಅವನೂ ಕುರ್ಚಿಯ ಜೊತೆಗೇ ಬಂದಿದ್ದ.

ದೊರೆ ಮಜ್ಜಿಗೆ ಕುಡಿದು ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯನ್ನು ನೋಡಿದರು. ಹೊಸದಾಗಿ ಈದ ಎಮ್ಮೆ. ನಾನು ತಡೆಯುವಷ್ಟರಲ್ಲಿ ದೊರೆ ಎದ್ದು ನಿಂತು, “ಅಮ್ಮಾ, ನಿಮ್ಮ ಎಮ್ಮೆ ಬಹಳ ರೂಪವತಿಯಾಗಿದೆ. ಇಷ್ಟು ದೊಡ್ಡ ಕೆಚ್ಚಲನ್ನು ನಾನು ಸೀಮೆಯಲ್ಲಿಯೂ ಕಂಡಿಲ್ಲ” ಅಂದರು.

ಚಿಕ್ಕಮ್ಮ ಸೆರಗಿನಿಂದ ಎಮ್ಮೆಯ ಕೆಚ್ಚಲು ಮುಚ್ಚಲು ಓಡಿದಳು. ನಮ್ಮಲ್ಲಿ ಹಾಲು ಕೊಡುವುದನ್ನು, ಹಾಲು ಕುಡಿಯುವುದನ್ನು ಮುಖದೆದುರಿಗೆ ಹೊಗಳುವುದಿಲ್ಲ, ದೃಷ್ಟಿ ತಾಗುತ್ತದೆ. ಮಾಮೂಲಿ ಕಣ್ಣಿಗೇ ತಾಗುತ್ತದೆಂದ ಮೇಲೆ ಬೆಕ್ಕಿನ ಕಣ್ಣಿನ ಮಾತು ಹೇಳಬೇಕಾಗಿಲ್ಲ.

ಸಂಜೆ ಎಮ್ಮೆ ಒದೆಯಿತು. ಹಾಲು ಹನಿ ಬಿಡಲಿಲ್ಲ. ಚಿಕ್ಕಮ್ಮ ಖಾಲಿ ಚೊಂಬು ಹಿಡಿದು ನಾವು ಇಳಿದುಕೊಂಡಿದ್ದ ಮುಸಾಫರಖಾನೆಗೇ ಬಂದಳು.

“ಲೇ ಮುನ್ಷಿ, ನಿನ್ನ ದೊರಿ ಕಣ್ಣು ತಾಗೈತಿ. ಹಾಕಿದವರ ಕೈಲೇ ತೆಗಿಸಬೇಕು. ಬರಾಕ ಹೇಳು.”

“ದೊರೆಗೆ ಹಂಗೆಲ್ಲ ಹೇಳಾಕ ಬರ್ತೈತೇನವ್ವ?”

“ಹೊಗಳಾಕ ಬರ್ತೈತಿ, ತೆಗಿಯಾಕ ಬರಂಗಿಲ್ಲೇನು? ಹೇಳು.”

ಹೇಳಿದೆ. ಮೊದಲೇ ಬರೆದಂತೆ ಒಳ್ಳೆಯ ಮನುಷ್ಯ. ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಚಿಕ್ಕಮ್ಮ ಅವರ ಕೈಗೆ ಉಪ್ಪು, ಒಣ ಮೆಣಸಿನಕಾಯಿ ಕೊಟ್ಟು ಎಮ್ಮೆಗೆ ಇಳಿ ತೆಗೆಯಲು, ಅಂದರೆ ದೃಷ್ಟಿ ನಿವಾಳಿಸಲು, ಹೇಳಿದಳು. ತೆಗೆದರು. “ಈಗ ಬಯ್ರಿ” ಅಂದಳು. “ಚಂದ ಅಂದ ಬಾಯಿಲೇ ಬಯ್ಯಬೇಕು. ಜೋರಾಗಿ.”

ದೊರೆ ನನ್ನ ಮುಖ ನೋಡಿದರು. ನಾನು ಅವರಿಗೆ ಬೈಗುಳ ಕಲಿಸಿರಲಿಲ್ಲ. ನಾವು ಪಾಠಕ್ಕೆ ಓದಿದ್ದೆಲ್ಲ ಕಚೇರಿಯ ಕಾಗದಗಳು. ಅವರು ಗಂಟಲು ಸರಿಮಾಡಿಕೊಂಡು, ಎಮ್ಮೆಯ ಮೂಗಿನ ಮುಂದೆ ನಿಂತು ಬೆರಳು ಆಡಿಸುತ್ತ ಹೇಳಿದರು:

“ಎಲೈ ಎಮ್ಮೆಯೇ! ನೀನು ಬಾಕಿದಾರಳು! ಹಾಲನ್ನು ವಾಯಿದೆಯೊಳಗೆ ಸಂದಾಯ ಮಾಡಿಲ್ಲ! ನಿನ್ನ ಮೇಲೆ ಸಮನ್ಸ್ ಹೊರಡಿಸಲಾಗುವುದು! ತಪ್ಪಿದಲ್ಲಿ ನಿನ್ನ ಕರುವನ್ನು ಜಪ್ತಿ ಮಾಡಲಾಗುವುದು!”

ಅಷ್ಟರಲ್ಲಿ ಯಾರೋ ಕರು ಬಿಚ್ಚಿದ್ದರು. ಅದು ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು, ಎಮ್ಮೆ ತೊರೆ ಬಿಟ್ಟು ಹಾಲು ಇಳಿಸಿತು. ಚಿಕ್ಕಮ್ಮ ಕರುವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. “ಎಂಥ ಬಾಯಿರೀ ದೊರಿದು!” ಎಂದು ಓಣಿಯಲ್ಲೆಲ್ಲ ಹೇಳಿ ಬಂದಳು. “ನನ್ನ ಜೀವದಾಗ ಇಷ್ಟು ಚಲೋ ಬೈಗುಳ ಕೇಳಿಲ್ಲವ್ವ.”

ಬೆಳಗ್ಗೆ ನಾವು ಎದ್ದು ಬಾಗಿಲು ತೆಗೆದರೆ ಮುಸಾಫರಖಾನೆಯ ಮುಂದೆ ಸಾಲಾಗಿ ಎಮ್ಮೆಗಳು ನಿಂತಿದ್ದವು. ಒಬ್ಬ ಮುದುಕಿ ಎಲ್ಲರನ್ನೂ ಹಿಂದೆ ತಳ್ಳುತ್ತಿದ್ದಳು: “ಸರೀರಿ, ನಾ ಮೊದಲ ಬಂದೀನಿ. ನಮ್ಮೆಮ್ಮಿಗೆ ಸಮನ್ಸ್ ಸಾಲಂಗಿಲ್ಲ, ವಾರಂಟ ಬೇಕು.”

ಮನೆಯಲ್ಲಿ

ಇದು ಚಿಕ್ಕದು. ಸಿರುಗುಪ್ಪದಿಂದ ಬಂದ ದಿನ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು:

“ದೊರಿಗೆ ಈಗ ಏನು ಕಲಿಸಾಕ ಹತ್ತೀರಿ?”

“ಮೆಚ್ಚಿಸೋದು ಹೆಂಗ ಅಂತ.”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. “ಹೌದಾ?” ಅಂದಳು. “ನಿಮಗ್ಯಾರು ಕಲಿಸಿದ್ರು?”

ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಷ್ಟೇ.

ಕುರುಗೋಡಿನ ವಲ್ಲಿ

ಖಾನಸಾಮ ಮತ್ತು ಎಮ್ಮೆ ಇಬ್ಬರಿಂದ ದೊರೆ ಒಂದು ಸಿದ್ಧಾಂತ ಮಾಡಿಕೊಂಡರು. ಮುಂದಿನ ತಿರುಗಾಟದಲ್ಲಿ ಕುರುಗೋಡಿಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಹೇಳಿದರು.

“ಮುನ್ಷಿ, ನನಗೆ ಈಗ ತಿಳಿಯಿತು. ಈ ನಾಡಿನಲ್ಲಿ ಹೊಗಳಿದರೆ ಅಳುತ್ತಾರೆ. ಬೈದರೆ ಮೆಚ್ಚುತ್ತಾರೆ.”

“ಹಾಗೇನಿಲ್ಲ ದೊರೆಗಳೇ, ಸಂದರ್ಭ ನೋಡಿ...”

“ಇಲ್ಲ, ಇಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.”

ಕುರುಗೋಡಿನ ಗೌಡರು ಗುಡ್ಡದ ಬುಡದ ತಮ್ಮ ಕಣದಲ್ಲಿ ನಮ್ಮನ್ನು ಬರಮಾಡಿಕೊಂಡರು. ಅಲ್ಲಿ ಅವರ ಹೋರಿ ಕಟ್ಟಿತ್ತು. ಬಿಳಿ ಹೋರಿ, ಆ ಊರಿನ ಗುಡಿಯ ದೊಡ್ಡ ಬಸವಣ್ಣನೇ ಎದ್ದು ಬಂದು ನಿಂತ ಹಾಗಿತ್ತು. ಗೌಡರು ಸುಮ್ಮನೆ ತೋರಿಸಲೆಂದು ಕಟ್ಟಿದ್ದು, ಮಾರುವ ಯೋಚನೆ ಅವರಿಗೆ ಇರಲಿಲ್ಲ.

ದೊರೆ ಅದರ ಸುತ್ತ ಒಂದು ಸುತ್ತು ಬಂದು ನಿಂತರು. “ಗೌಡರೇ, ಇದು ಹೋರಿಯೋ ಕತ್ತೆಯೋ? ಕಾಲು ಸೊಟ್ಟ. ಕೋಡು ವಕ್ರ. ಬಾಲ ಇಲಿಯ ಬಾಲ. ಛೀ.”

ನನ್ನ ಜೀವ ಹೋಯಿತು. ಗೌಡರು ಬಡಿಗೆ ಎತ್ತುತ್ತಾರೆ ಎಂದುಕೊಂಡೆ. ಆದರೆ ಗೌಡರು ಮೀಸೆಯೊಳಗೇ ನಕ್ಕು ಹೆಗಲ ಮೇಲೆ ಹೊದ್ದಿದ್ದ ವಲ್ಲಿ ಬಟ್ಟೆ ತೆಗೆದರು. ಆಗ ನನ್ನ ಜೀವ ಇನ್ನೊಂದು ಸಲ ಹೋಯಿತು.

ಯಾಕೆಂದು ಹೇಳುತ್ತೇನೆ. ನಮ್ಮ ಕಡೆ ದನದ ಸಂತೆಯಲ್ಲಿ ‘ಆಹಾ, ಎಂಥ ಎತ್ತು’ ಎನ್ನುವವನು ದಾರಿಹೋಕ. ಕಾಲು ಸೊಟ್ಟ, ಕೋಡು ವಕ್ರ ಎಂದು ಹಳಿಯುವವನು ಕೊಳ್ಳುವವನು. ದರ ಬಾಯಿಂದ ಹೇಳುವ ರೂಢಿ ಇಲ್ಲ. ಕೊಡುವವನು ಕೊಳ್ಳುವವನು ಇಬ್ಬರೂ ಕೈಯ ಮೇಲೆ ವಲ್ಲಿ ಮುಚ್ಚಿಕೊಂಡು ಒಳಗೆ ಬೆರಳು ಹಿಡಿದು ದರ ತಿಳಿಸುತ್ತಾರೆ. ಹೆಚ್ಚು ಬೆರಳು ಹಿಡಿದಷ್ಟೂ ಹೆಚ್ಚು ದರ. ವಲ್ಲಿ ಬಿದ್ದ ಮೇಲೆ ಮೂರನೆಯವರು ಬಾಯಿ ಹಾಕುವಂತಿಲ್ಲ.

ವಲ್ಲಿ ಬಿತ್ತು. ಗೌಡರು ಒಳಗೆ ದೊರೆಯ ಬೆರಳು ಹಿಡಿದರು.

ದೊರೆಯ ಮುಖ ಅರಳಿತು. ಬೈದ ಕೂಡಲೇ ಹೀಗೆ ಪ್ರೀತಿಯಿಂದ, ಅದೂ ಬಟ್ಟೆ ಮುಚ್ಚಿ ಮರ್ಯಾದೆಯಿಂದ ಕೈ ಹಿಡಿದವರನ್ನು ಅವರು ಕಂಡಿರಲಿಲ್ಲ. ತಾವೂ ಗೌಡರ ಐದೂ ಬೆರಳು ಒಟ್ಟಿಗೆ ಹಿಡಿದು ಗಟ್ಟಿಯಾಗಿ ಕುಲುಕಿದರು.

ಗೌಡರು ಕಣ್ಣು ಅಗಲಿಸಿ ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಅದು ‘ಬೇಡ’ ಎಂದು. ಅವರು ‘ಹೌದು’ ಎಂದುಕೊಂಡರೋ ಏನೋ. ಆದರೂ ಗೌಡರು ಧರ್ಮವಂತರು, ದೊರೆಗೆ ಲೆಕ್ಕ ತಿಳಿಯಲಿಲ್ಲವೆಂದು ಕಡಿಮೆ ಬೆರಳು ಹಿಡಿದು ದರ ಇಳಿಸಿದರು. ದೊರೆ ಇನ್ನೊಂದು ಕೈಯನ್ನೂ ವಲ್ಲಿಯ ಒಳಗೆ ತೂರಿಸಿ ಎರಡೂ ಕೈಯಿಂದ ಹಿಡಿದು ಕುಲುಕಿದರು.

ಗೌಡರು ನನ್ನ ಕಡೆ ತಿರುಗಿದರು. “ಮುನ್ಷಿಯವರ, ನಾನ ದರಾ ಇಳಿಸಿದ್ರೂ ಕೇಳವಲ್ರಲ್ರೀ! ಏರಿಸ್ತಾನ ಹೊಂಟಾರ! ಇಂಥ ದೊಡ್ಡ ಮನಸು ಯಾರಿಗೈತ್ರಿ?”

“ಗೌಡರೇನು ಹೇಳುತ್ತಾರೆ?” ಎಂದು ದೊರೆ ಕೇಳಿದರು.

“ನಿಮ್ಮನ್ನು ಬಹಳ ಮೆಚ್ಚಿದ್ದಾರಂತೆ.”

“ನೋಡಿದೆಯಾ? ನಾನು ಹೇಳಿರಲಿಲ್ಲವೇ?”

ಅಷ್ಟರಲ್ಲಿ ಗೌಡರು ಹೋರಿಯ ಹಗ್ಗ ತಂದು ದೊರೆಯ ಕೈಗಿತ್ತು, ಹೋರಿಯ ಕೊರಳು ತಬ್ಬಿಕೊಂಡು, “ಹೋಗಿ ಬಾರಪ್ಪಾ, ದೊರಿ ಮನಿಗೆ ಹೊಂಟಿ” ಎಂದು ಅತ್ತರು.

ದೊರೆ ಹಗ್ಗ ನೋಡಿದರು. ಹೋರಿ ನೋಡಿದರು. “ಮುನ್ಷಿ, ಇದನ್ನು ಹಿಡಿದುಕೊಂಡು ನಾನು ಎಷ್ಟು ಹೊತ್ತು ನಿಲ್ಲಬೇಕು?”

“ಬಳ್ಳಾರಿಯವರೆಗೆ, ದೊರೆಗಳೇ.”

ಮೂರನೆಯ ಸಲ

ಪರೀಕ್ಷೆಯ ದಿನ ಬಂತು. ದೊರೆ ಹೆದರಿ ಹೋಗಿದ್ದರು. “ಹೊಗಳಿದರೆ ಅಳುತ್ತಾರೆ. ಬೈದರೆ ಮಾರುತ್ತಾರೆ. ಮುನ್ಷಿ, ಇವತ್ತು ನಾನು ಏನು ಹೇಳಲಿ?” ಅಂದರು. ನನಗೂ ಏನೂ ತೋಚಲಿಲ್ಲ. “ದೇವರು ಏನು ಆಡಿಸುತ್ತಾನೋ ಅದನ್ನು ಹೇಳಿ” ಅಂದೆ. ಮುನ್ಷಿ ಆಡಬೇಕಾದ ಮಾತಲ್ಲ.

ದೊರೆ ಒಳಗೆ ಹೋದರು. ನಾನು ಕಚೇರಿಯ ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅಣ್ಣನೂ ಬಂದು ಪಕ್ಕದಲ್ಲಿ ಕೂತ. ಹೊರಗೆ ಅವನ ಹತ್ತಿ ಬಂಡಿ ನಿಂತಿತ್ತು.

“ನೀ ಯಾಕ ಬಂದಿ?”

“ಬಂಡಿ ಈ ಕಡೆನ ಹೊಂಟಿತ್ತು. ದೊರಿ ಬಿದ್ದ ಕೂಡ್ಲೆ ಹತ್ತಿ ಕುಂದ್ರು. ಎರಡೆರಡು ಸಲ ಯಾಕ ತಿರಗಬೇಕು?”

ಓದುವುದು ಬರೆಯುವುದು ಮುಗಿಯಿತು. ಊರಿನವನನ್ನು ತರಲು ಜವಾನ ಹೊರಗೆ ಬಂದ. ಕೋಟೆ ಕಡೆಯ ಒಬ್ಬ ಮುದುಕ ಬೇರೆ ಯಾವುದೋ ಕೆಲಸಕ್ಕೆ ಬಂದು ಬೇವಿನ ಮರದ ಕೆಳಗೆ ಕೂತಿದ್ದ. ಅವನನ್ನೇ ಎಬ್ಬಿಸಿ ಒಳಗೆ ತಳ್ಳಿದ.

ಕಿಟಕಿಯಿಂದ ಎಲ್ಲ ಕೇಳಿಸುವಂತಿತ್ತು. ಮೊದಲು ಏನೂ ಕೇಳಲಿಲ್ಲ. ದೊರೆಗೆ ಒಂದು ಮಾತೂ ಬರುತ್ತಿಲ್ಲ. ಕಲಿತ ಕನ್ನಡವೆಲ್ಲ ಆವಿಯಾಗಿತ್ತು.

“ಬಿದ್ದ” ಅಂದ ಅಣ್ಣ.

ಸುಮ್ಮನೆ ಕೂರಲಾರದೆ ಮುದುಕನೇ ಮಾತು ತೆಗೆದ. “ನಾ ಇಲ್ಲಿಗೆ ಬರಾಂವಲ್ರೀ ದೊರಿ. ನಮ್ಮ ಬೀಗನ ದೆಸೀಲೇ ಬಂದೀನಿ.” ಬೀಗ ಎಂದರೆ ಮಗಳ ಮಾವ, ಮಗಳನ್ನು ಕೊಟ್ಟ ಮನೆಯ ಹಿರಿಯ.

“ಹೌದೇ?” ಅಂದರು ದೊರೆ. ಅವರಿಗೆ ನೆನಪಿದ್ದ ಪದ ಅದೊಂದೇ.

“ಹೌದ್ರಿ! ಮದುವಿ ಊಟದಾಗ ಆ ಮನುಷ್ಯ ನನ್ನ ಎಲ್ಲಿ ಕುಂದ್ರಿಸಿದ ಗೊತ್ತೇನ್ರಿ? ಕಂಬದ ಹಿಂದ!”

“ಕಂಬದ ಹಿಂದೆಯೇ?”

“ಕಂಬದ ಹಿಂದ! ಹೆಣ್ಣು ಕೊಟ್ಟಾಂವ ನಾನು! ತುಪ್ಪದಾಂವ ಈ ಕಡಿಂದ ಬರ್ತಾನ, ಕಂಬ ಕಾಣ್ತೈತಿ, ನಾ ಕಾಣಂಗಿಲ್ಲ. ಆ ಕಡಿಂದ ಬರ್ತಾನ, ಮತ್ತ ಕಂಬ!”

“ಅಯ್ಯೋ! ಆಮೇಲೆ?”

ಒಳಗೆ ಸದ್ದು ನಿಂತಿತು. ಏನಾಯಿತೆಂದು ನಾನು ಎದ್ದು ಇಣುಕಿದೆ. ಮುದುಕ ಬಾಯಿ ತೆರೆದು ದೊರೆಯನ್ನು ನೋಡುತ್ತಿದ್ದ. ಅವನ ಜೀವಮಾನದಲ್ಲಿ ಈ ಕತೆಗೆ ‘ಆಮೇಲೆ’ ಎಂದವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಅವನು ಕುರ್ಚಿ ಬಿಟ್ಟು ಇಳಿದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಎಲೆ ಅಡಿಕೆ ಚೀಲ ಬಿಚ್ಚಿ ಮುಂದಿಟ್ಟುಕೊಂಡು, “ಆಮ್ಯಾಲೇನ್ರಿ?” ಅಂದ. “ಕೇಳ್ರಿ, ಮೊದಲಿಂದ ಹೇಳ್ತೀನಿ.”

ಮೊದಲಿಂದ ಹೇಳಿದ. ಹೆಣ್ಣು ನೋಡಲು ಬಂದಾಗ ಬೀಗ ಚಪ್ಪಲಿ ಬಿಟ್ಟ ರೀತಿಯಿಂದ ಹಿಡಿದು ಹೇಳಿದ. ದೊರೆ ನಡುನಡುವೆ “ಹೌದೇ?” ಅಂದರು, “ಅಯ್ಯೋ” ಅಂದರು, “ಆಮೇಲೆ?” ಅಂದರು. ಒಂದು ಸಲ ಧೈರ್ಯಮಾಡಿ “ಛೇ ಛೇ” ಎಂದೂ ಅಂದರು. ಹೊರಗೆ ನಮ್ಮ ಅಣ್ಣ ಬಂಡಿ ಮರೆತು ಕಿಟಕಿಗೆ ಕಿವಿ ಕೊಟ್ಟಿದ್ದ. “ತುಪ್ಪ ಬಂತೋ ಇಲ್ಲೋ? ಅದನ್ನ ಕೇಳಾಕ ಹೇಳು ನಿನ್ನ ದೊರಿಗೆ” ಎಂದು ನನ್ನನ್ನು ತಿವಿದ.

ಕಡೆಗೆ ಪಂಡಿತರೇ ಕೈಯೆತ್ತಿ ತಡೆದರು. “ಅಜ್ಜಾ, ಸಾಕು. ಈಗ ಹೇಳು, ದೊರೆಗಳ ಕನ್ನಡ ಹೇಗಿದೆ?”



ಮುದುಕ ಕಣ್ಣೊರಸಿಕೊಂಡ. “ಕನ್ನಡ ಅಂದ್ರ ಇದು ಸ್ವಾಮಿ! ಎಷ್ಟು ಸ್ವಚ್ಛ! ಎಷ್ಟು ಶುದ್ಧ! ನಮ್ಮ ಮನ್ಯಾಗ ಒಬ್ಬರಿಗೂ ಇಷ್ಟು ಬರಂಗಿಲ್ಲ. ನನ್ನ ಹೆಂಡ್ತಿಯನ್ನ ಕಳಿಸ್ತೀನಿ, ಈ ದೊರಿ ಕಡೆ ಒಂದೀಟು ಕನ್ನಡ ಕಲಿಸ್ರಿ.”

ಪಂಡಿತರು ದೊರೆಯ ಕಡೆ ತಿರುಗಿದರು. ಏನೋ ಹೇಳಲು ಹೋಗಿ ತಡೆದು, ದನಿ ತಗ್ಗಿಸಿ, “ಇವನು ಹೇಳುವುದು ನಿಜ ದೊರೆಗಳೇ. ನಮ್ಮ ಬೀಗರೂ ಹಾಗೆಯೇ. ನನಗೆ ಅವರು ಹೊದಿಸಿದ ಶಾಲಿನಲ್ಲಿ ತೂತಿತ್ತು” ಅಂದರು.

“ಹೌದೇ?” ಅಂದರು ದೊರೆ.

ಅಂದು ಪಂಡಿತರು ಊಟಕ್ಕೆ ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ದೊರೆ ಪಾಸು.

ನಾನು ಪಡಸಾಲೆಯಲ್ಲಿ ಕುಣಿಯುವುದೊಂದು ಬಾಕಿ. ಅಣ್ಣ ಮಾತ್ರ ತಣ್ಣಗೆ ಕೂತಿದ್ದ.

“ಪಾಸಾದ ಹೌದಲ್ಲೋ?” ಅಂದ.

“ಆದರು!”

“ಕನ್ನಡ ಪೂರಾ ಬಂತು ಹೌದಲ್ಲೋ?”

“ಬಂತು!”

“ಮತ್ತ ಇನ್ನ ನೀ ಯಾಕ ಬೇಕಲೇ ಅವನಿಗೆ?”

ನಾನು ಕೂತುಬಿಟ್ಟೆ. ಇದನ್ನು ನಾನು ಯೋಚಿಸಿರಲೇ ಇಲ್ಲ. ಬಿದ್ದರೆ ಮಂಡಿ ಎಂದು ಹೆದರಿ ಹೆದರಿ, ಪಾಸಾದರೂ ಮಂಡಿಯೇ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಅಣ್ಣ ಬೆನ್ನು ತಟ್ಟಿದ. “ನಾಳೆ ಮುಂಜಾನೆ ದೊರಿಗೆ ನಮಸ್ಕಾರ ಹೇಳಿ ಸೀದಾ ಬಾ. ಹಳೇ ಅಂಗಿ ಹಾಕ್ಕೊಂಡು ಬಾ.”

ಮರುದಿನ ಹಳೆಯ ಅಂಗಿ ಹಾಕಿಕೊಂಡೇ ಬಂಗಲೆಗೆ ಹೋದೆ. ಪಡಸಾಲೆಯ ಮೇಲೆ ನಿನ್ನೆಯ ಮುದುಕ ಕೂತಿದ್ದ. ಅವನ ಪಕ್ಕದಲ್ಲಿ ಇನ್ನೊಬ್ಬ ಮುದುಕ, ದೊಡ್ಡ ರುಮಾಲಿನವನು, ಮುಖ ಗಂಟು ಹಾಕಿಕೊಂಡು ಕೂತಿದ್ದ.

“ಇವರು ಯಾರು?” ಅಂದೆ.

“ಇವನ ನಮ್ಮ ಬೀಗ. ನಾ ದೊರಿ ಮುಂದ ಎಲ್ಲಾ ಹೇಳೀನಿ ಅಂತ ತಿಳಿದು ತಾನೂ ಬಂದಾನ.”

“ನಾನೂ ಹೇಳಬೇಕು” ಅಂದ ಬೀಗ. “ಕಂಬ ಇವನಾ ಆರಿಸ್ಕೊಂಡಿದ್ದು. ಒರಗಿ ಕುಂದ್ರಾಕ ಬೇಕು ಅಂತ.”

“ನಾನ? ನಾ ಆರಿಸ್ಕೊಂಡೆನ?”

ಅವರ ಹಿಂದೆ ಮೆಟ್ಟಿಲ ಮೇಲೆ ಇನ್ನೂ ಯಾರು ಯಾರೋ ಕೂತಿದ್ದರು. ಒಬ್ಬಳ ಅತ್ತೆ ಸರಿ ಇರಲಿಲ್ಲ. ಒಬ್ಬನ ತಮ್ಮ ಸರಿ ಇರಲಿಲ್ಲ. ತೆಲುಗಿನ ಮುದುಕನೊಬ್ಬ, ತನಗೆ ಕನ್ನಡ ಬಾರದಿದ್ದರೂ ದೊರೆಗೆ ಎಲ್ಲ ತಿಳಿಯುತ್ತದಂತೆ ಎಂದು ಕೇಳಿ ಬಂದಿದ್ದ.

ಬಾಗಿಲು ಬೆರಳಷ್ಟು ತೆರೆಯಿತು. ಒಂದು ಕೈ ಬಂದು ನನ್ನ ಅಂಗಿ ಹಿಡಿದು ಒಳಗೆ ಎಳೆದುಕೊಂಡಿತು. ದೊರೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹಣೆಯ ಮೇಲೆ ಬೆವರಿತ್ತು.

ನಾನು ಕೈ ಜೋಡಿಸಿದೆ. “ದೊರೆಗಳೇ, ನಮಸ್ಕಾರ ಹೇಳಿ ಹೋಗಲು ಬಂದೆ. ನಿಮಗೆ ಕನ್ನಡ ಪೂರ್ತಿ ಬಂದಂತಾಯಿತು...”

“ಬಂದಿಲ್ಲ!” ಅಂದರು ದೊರೆ. “ಅರ್ಧ ಮಾತ್ರ ಬಂದಿದೆ! ಮುನ್ಷಿ, ನೀನು ಎಲ್ಲಿಗೂ ಹೋಗಕೂಡದು. ನನಗೆ ಇನ್ನೊಂದು ಪದ ಬೇಕು. ಒಬ್ಬನು ಮೆಚ್ಚಿದ ಮೇಲೆ, ಅವನು ಎದ್ದು ಮನೆಗೆ ಹೋಗುವಂತೆ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ಆ ಪದ ನನಗೆ ಬರುವವರೆಗೆ ನೀನೇ ನನ್ನ ಮುನ್ಷಿ.”

“ಯೋಚಿಸಿ ಹೇಳುತ್ತೇನೆ ದೊರೆಗಳೇ” ಅಂದೆ.

ಅಂಥ ಪದ ನಮ್ಮ ಭಾಷೆಯಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಹೇಳುವಷ್ಟು ದಡ್ಡ ಮುನ್ಷಿ ನಾನಲ್ಲ.